ಟಿಪ್ಪರ್‌ಗೆ ಟಿಪ್ಪರ್ ಹೇಳುವ ಸುದ್ದಿ: ವಾಹನಗಳ ನಡುವಿನ ರೇಡಿಯೊ ಜಾಲ ಕೆಲಸ ಮಾಡುವ ಬಗೆ

ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಕಡೆಗೆ ಸಾಲುಗಟ್ಟಿ ಬರುವ ಅದಿರು ಟಿಪ್ಪರ್‌ಗಳಲ್ಲಿ ಮೂರನೆಯ ಗಾಡಿಯ ಡ್ರೈವರ್‌ಗೆ ಕಾಣುವುದು ಎರಡನೆಯ ಗಾಡಿಯ ಹಿಂಬಾಗಿಲು ಮತ್ತು ಕೆಂಧೂಳು, ಅಷ್ಟೇ. ಮೊದಲ ಗಾಡಿ ಬ್ರೇಕ್ ಹಾಕಿದ್ದು ಅವನಿಗೆ ಗೊತ್ತಾಗುವುದು ಎರಡನೆಯವನು ಬ್ರೇಕ್ ಹಾಕಿದ ಮೇಲೆ. ಕಣ್ಣಿಗೆ ಬಿದ್ದಾಗಿನಿಂದ ಕಾಲು ಪೆಡಲ್ ಒತ್ತುವವರೆಗೆ ಡ್ರೈವರ್‌ಗೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಲೋಡ್ ಗಾಡಿ ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 28 ಮೀಟರ್ ಆದರೂ ಬೇಕು. ಮೂರನೆಯವನ ಲೆಕ್ಕಕ್ಕೆ ತನ್ನ ಒಂದೂವರೆ ಸೆಕೆಂಡಿನ ಜೊತೆ ಎರಡನೆಯವನ ಒಂದೂವರೆ ಸೆಕೆಂಡೂ ಸೇರಿಕೊಳ್ಳುತ್ತದೆ. ಐದನೆಯವನ ಸ್ಥಿತಿ ಹೇಳುವುದೇ ಬೇಡ.

ಮೊದಲ ಗಾಡಿಯ ಬ್ರೇಕ್ ಸುದ್ದಿ ನೇರವಾಗಿ ಐದನೆಯ ಗಾಡಿಗೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಲುಪಿದರೆ ಹೀಗೆ ಕೂಡುತ್ತ ಹೋಗುವ ವಿಳಂಬ ಇಲ್ಲವಾಗುತ್ತದೆ. ವಾಹನದಿಂದ ವಾಹನಕ್ಕೆ ರೇಡಿಯೊ ಸಂಪರ್ಕ ಎಂದರೆ ಮುಖ್ಯವಾಗಿ ಇಷ್ಟೇ. ಇದರ ಜಾಹೀರಾತುಗಳಲ್ಲಿ ಯಾವಾಗಲೂ ಮಹಾನಗರದ ಹೊಳೆಯುವ ಕಾರುಗಳನ್ನು ತೋರಿಸುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಮೊದಲು ಫಲ ಕೊಡುವುದು ಬಳ್ಳಾರಿ, ಕೊಪ್ಪಳ, ರಾಯಚೂರಿನಂಥ ಕಡೆ, ಒಂದೇ ದಾರಿಯಲ್ಲಿ ದಿನವಿಡೀ ಓಡಾಡುವ ಲಾರಿಗಳ ಗುಂಪಿನಲ್ಲಿ. ಯಾಕೆ ಎಂಬುದನ್ನು ಮುಂದೆ ಲೆಕ್ಕದಲ್ಲೇ ನೋಡೋಣ.

ಮೊದಲು ಒಂದು ಗೊಂದಲ ನಿವಾರಣೆ. "ನಮ್ಮ ಲಾರಿಗೆ ಜಿಪಿಎಸ್ ಬಾಕ್ಸ್ ಇದೆ, ಫಾಸ್ಟ್ಯಾಗ್ ಇದೆ, ಇನ್ನೇನು ಬೇಕು?" ಎಂದು ಮಾಲೀಕರು ಕೇಳುವುದು ಸಹಜ. ಫಾಸ್ಟ್ಯಾಗ್‌ಗೆ ಸ್ವಂತ ಬ್ಯಾಟರಿಯೇ ಇಲ್ಲ; ಟೋಲ್ ಗೇಟಿನ ರೀಡರ್ ಕಳಿಸಿದ ಅಲೆಯ ಶಕ್ತಿಯಲ್ಲೇ ಅದು ತನ್ನ ನಂಬರ್ ಹೇಳುತ್ತದೆ, ಅದೂ ಕೆಲವೇ ಮೀಟರ್ ದೂರದಿಂದ. ಎಐಎಸ್-140 ಮಾನದಂಡದ ಟ್ರ್ಯಾಕಿಂಗ್ ಬಾಕ್ಸ್ ಗಾಡಿ ಎಲ್ಲಿದೆ ಎಂಬುದನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ದೂರದ ಸರ್ವರ್‌ಗೆ ಕಳಿಸುತ್ತದೆ. ಪಕ್ಕದ ಲಾರಿಗೆ ಅದರಿಂದ ಏನೂ ತಿಳಿಯದು. ನಾವು ಹೇಳುತ್ತಿರುವ ರೇಡಿಯೊಗೆ ಟವರ್ ಬೇಡ, ಸಿಮ್ ಬೇಡ, ಸರ್ವರ್ ಬೇಡ. ಗಾಡಿಯೇ ಸುತ್ತಲಿನ ಗಾಡಿಗಳಿಗೆ ಸಾರುತ್ತದೆ, ಕೇಳಿಸಿಕೊಂಡ ಗಾಡಿ ತಾನೇ ಲೆಕ್ಕ ಹಾಕುತ್ತದೆ. ಗುಡ್ಡದ ನಡುವೆ ಮೊಬೈಲ್ ಸಿಗ್ನಲ್ ಸತ್ತರೂ ಇದು ಸಾಯುವುದಿಲ್ಲ.

ಸುದ್ದಿಯಲ್ಲಿ ಏನಿರುತ್ತದೆ

ಅಮೆರಿಕದ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಜೆ2735 ಮಾನದಂಡದ ಪ್ರಕಾರ ಪ್ರತಿ ಗಾಡಿ ಸೆಕೆಂಡಿಗೆ 10 ಬಾರಿ ಒಂದು ಪುಟ್ಟ ಸಂದೇಶ ಬಿಡುತ್ತದೆ. ಅದರಲ್ಲಿರುವುದು ಅಕ್ಷಾಂಶ, ರೇಖಾಂಶ, ಎತ್ತರ, ವೇಗ, ಮುಖ ಮಾಡಿರುವ ದಿಕ್ಕು, ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ, ಸ್ಟೀರಿಂಗ್ ಕೋನ, ಬ್ರೇಕ್ ಒತ್ತಿದೆಯೇ ಇಲ್ಲವೇ, ಗಾಡಿಯ ಉದ್ದ-ಅಗಲ. ಗುರುತ್ವ ವೇಗೋತ್ಕರ್ಷದ 0.4 ಪಟ್ಟಿಗಿಂತ ಜೋರಾಗಿ ಬ್ರೇಕ್ ಬಿದ್ದರೆ "ತುರ್ತು ಬ್ರೇಕ್" ಎಂಬ ಗುರುತೂ ಸೇರುತ್ತದೆ. ಡಿಜಿಟಲ್ ಸಹಿ ಕೂಡಿ ಒಟ್ಟು ಸುಮಾರು 300 ಬೈಟ್. ಒಂದು ವಾಟ್ಸಾಪ್ ಫೋಟೊದ ಜಾಗದಲ್ಲಿ ಇಂಥವು ನೂರಾರು ಹಿಡಿಸುತ್ತವೆ.

ಯುರೋಪಿನ ಇಟಿಎಸ್‌ಐ (ದೂರಸಂಪರ್ಕ ಮಾನದಂಡ ಸಂಸ್ಥೆ) ಮಾನದಂಡ ಸ್ವಲ್ಪ ಜಾಣತನದ್ದು. ಗಾಡಿ 4 ಮೀಟರ್ ಸರಿದಿದ್ದರೆ, ದಿಕ್ಕು 4 ಡಿಗ್ರಿ ತಿರುಗಿದ್ದರೆ, ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಬದಲಾಗಿದ್ದರೆ ಮಾತ್ರ ಹೊಸ ಸಂದೇಶ. ಏನೂ ಬದಲಾಗದಿದ್ದರೆ ಸೆಕೆಂಡಿಗೆ ಒಂದೇ. ಈ ವ್ಯತ್ಯಾಸ ಸಣ್ಣದೆನಿಸಿದರೂ ಕಾರ್ಖಾನೆ ಗೇಟಿನ ಮುಂದೆ ಲಾರಿಗಳು ಕಾದು ನಿಲ್ಲುವ ಊರಿನಲ್ಲಿ ಇದೇ ದೊಡ್ಡದು.

ಅದಲ್ಲದೆ ಘಟನೆ ನಡೆದಾಗ ಮಾತ್ರ ಹೊರಡುವ ಇನ್ನೊಂದು ಬಗೆಯ ಸಂದೇಶವಿದೆ: ಆಕ್ಸಲ್ ಮುರಿದು ನಡುರಸ್ತೆಯಲ್ಲಿ ನಿಂತ ಗಾಡಿ, ಅಪಘಾತ, ರಸ್ತೆಗೆ ಬಿದ್ದ ಬಂಡೆ. ಕೆಟ್ಟು ನಿಂತ ಲಾರಿಯ ಹಿಂದೆ ಕ್ಲೀನರ್ ನಾಲ್ಕು ಕಲ್ಲಿಟ್ಟು ಬೇವಿನ ಟೊಂಗೆ ಸಿಕ್ಕಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ; ರಾತ್ರಿ ಆ ಟೊಂಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಗಾಡಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕ್‌ನವರನ್ನು ಬೀಳಿಸುತ್ತದೆ. ಈ ಸಂದೇಶ ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟುತ್ತ ಕಿಲೋಮೀಟರ್‌ಗಟ್ಟಲೆ ಹಿಂದಕ್ಕೆ ಹೋಗಬಲ್ಲದು. ಕೇಳಿಸಿಕೊಂಡ ಎಲ್ಲ ಗಾಡಿಗಳೂ ಒಮ್ಮೆಲೇ ಕೂಗಿದರೆ ಗದ್ದಲ. ಅದಕ್ಕೆ ಉಪಾಯವೆಂದರೆ ಮೂಲದಿಂದ ಅತಿ ದೂರ ಇರುವ ಗಾಡಿ ಅತಿ ಕಡಿಮೆ ಹೊತ್ತು ಕಾಯಬೇಕು. ಅದು ಮೊದಲು ಮರುಪ್ರಸಾರ ಮಾಡುತ್ತದೆ, ಅದನ್ನು ಕೇಳಿದ ಉಳಿದವು ಸುಮ್ಮನಾಗುತ್ತವೆ.

ಅಲೆ ಎಷ್ಟು ದೂರ ಹೋಗುತ್ತದೆ

ಈ ರೇಡಿಯೊ ಸಾಮಾನ್ಯವಾಗಿ 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅಲೆಯ ಉದ್ದ 5 ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಗಾಳಿಯಲ್ಲಿ ತೇಲುವ ಅದಿರಿನ ಧೂಳಿನ ಕಣ ಇದಕ್ಕೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ, ಆದ್ದರಿಂದ ಕ್ಯಾಮೆರಾ ಕುರುಡಾಗುವ ಕೆಂಧೂಳಿನಲ್ಲೂ ಈ ಅಲೆ ಆರಾಮಾಗಿ ದಾಟುತ್ತದೆ. ಗಣಿ ರಸ್ತೆಗೆ ಇದು ಹೊಂದುವುದಕ್ಕೆ ಇದೇ ಮೊದಲ ಕಾರಣ. ಆದರೆ ಕಬ್ಬಿಣದ ಟಿಪ್ಪರ್ ಬಾಡಿ ಎದುರಾದರೆ ಕಥೆಯೇ ಬೇರೆ.

ಲೆಕ್ಕ ಹೀಗಿದೆ. ರೇಡಿಯೊ 200 ಮಿಲಿವಾಟ್ ಶಕ್ತಿಯಲ್ಲಿ ಕಳಿಸುತ್ತದೆ ಎಂದುಕೊಳ್ಳಿ. ವಾಹನಗಳಿಗೆಂದು ಮಾಡಿದ ವೈಫೈ ಬಗೆಯಾದ 802.11ಪಿ ಮಾನದಂಡದಲ್ಲಿ ಸೆಕೆಂಡಿಗೆ 6 ಮೆಗಾಬಿಟ್ ವೇಗಕ್ಕೆ ಹೇಳಿರುವ ಕನಿಷ್ಠ ಸೂಕ್ಷ್ಮತೆಯ ರಿಸೀವರ್ ಇದ್ದರೆ ದಾರಿಯಲ್ಲಿ ಒಟ್ಟು 105 ಡೆಸಿಬೆಲ್ (ಶಕ್ತಿಯ ಇಳಿಕೆ ಅಳೆಯುವ ಮಾನ; 10 ಡೆಸಿಬೆಲ್ ನಷ್ಟ ಅಂದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿದಂತೆ) ನಷ್ಟವನ್ನು ತಡೆದುಕೊಳ್ಳಬಹುದು. ತೆರೆದ ಬಯಲಿನಲ್ಲಿ 300 ಮೀಟರ್‌ಗೆ ನಷ್ಟ 97 ಡೆಸಿಬೆಲ್. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕೂಡುತ್ತದೆ. ಹಾಗಾಗಿ ಅಡ್ಡಿ ಇಲ್ಲದಿದ್ದರೆ ಸುಮಾರು 700 ಮೀಟರ್ ದಾಟಬಹುದು. ಕೈಪಿಡಿಗಳಲ್ಲಿ ಬರೆಯುವ ದೂರ ಇದೇ. ಈಗ ನಡುವೆ ಒಂದು ಲಾರಿ ನಿಲ್ಲಿಸಿ. ಅದರಿಂದ 10ರಿಂದ 20 ಡೆಸಿಬೆಲ್ ನಷ್ಟ. 10 ಆದರೆ ತಲುಪುವ ದೂರ 230 ಮೀಟರ್‌ಗೆ ಇಳಿಯುತ್ತದೆ; 20 ಆದರೆ 70 ಮೀಟರ್ ಚಿಲ್ಲರೆ. ಗಂಟೆಗೆ 80 ಕಿಲೋಮೀಟರ್ ವೇಗದ ಲೋಡ್ ಲಾರಿ ನಿಲ್ಲಲು ಸುಮಾರು 82 ಮೀಟರ್ ಬೇಕು. ಸುದ್ದಿ ತಲುಪುವ ದೂರ ನಿಲ್ಲುವ ದೂರಕ್ಕಿಂತ ಕಡಿಮೆಯಾದರೆ ಆ ರೇಡಿಯೊ ಪೆಟ್ಟಿಗೆ ಇದ್ದೂ ಇಲ್ಲದಂತೆ. ಮಾರುಕಟ್ಟೆಯ ಒಳ್ಳೆಯ ಚಿಪ್‌ಗಳು ಮಾನದಂಡದ ಕನಿಷ್ಠಕ್ಕಿಂತ ಹಲವು ಡೆಸಿಬೆಲ್ ಹೆಚ್ಚು ಸೂಕ್ಷ್ಮವಾಗಿರುತ್ತವೆ, ನಿಜ. ಆದರೂ ವಿನ್ಯಾಸ ಮಾಡುವಾಗ ಆ ಹೆಚ್ಚಳವನ್ನು ಖರ್ಚು ಮಾಡದೆ ಕೈಯಲ್ಲಿ ಇಟ್ಟುಕೊಳ್ಳುವುದು ಲೇಸು.

ತಿರುವುಗಳಲ್ಲಿ ಇನ್ನೊಂದು ಅಡ್ಡಿ ಜಾಲಿ. ರಸ್ತೆಯಂಚಿಗೆ ಒತ್ತಿ ಬೆಳೆಯುವ ಬಳ್ಳಾರಿ ಜಾಲಿ ಕಣ್ಣಿಗೂ ಅಡ್ಡ, ಅಲೆಗೂ ಅಡ್ಡ. ಎಲೆ-ಟೊಂಗೆಗಳ ನಷ್ಟಕ್ಕೆ ಎಂಜಿನಿಯರುಗಳು ಬಳಸುವ ಸೂತ್ರ ಹಾಕಿದರೆ ಈ ಪಟ್ಟಿಯಲ್ಲಿ 10 ಮೀಟರ್ ದಪ್ಪದ ಪೊದೆಗೆ 7 ಡೆಸಿಬೆಲ್, 20 ಮೀಟರ್‌ಗೆ 13 ಡೆಸಿಬೆಲ್ ಬರುತ್ತದೆ. ಮಳೆ ಬಿದ್ದು ಎಲೆ ತೊಯ್ದಾಗ ಇನ್ನೂ ಹೆಚ್ಚು. ದುಬಾರಿ ಆಂಟೆನಾ ಕೊಳ್ಳುವುದಕ್ಕಿಂತ ತಿರುವಿನ ಒಳಮಗ್ಗುಲಿನ ಜಾಲಿ ಕಡಿಸುವುದು ಅಗ್ಗ, ಡ್ರೈವರ್‌ಗೆ ಕಣ್ಣಾರೆ ಕಾಣುವ ಲಾಭ ಬೇರೆ.

ಬಯಲಲ್ಲೂ ಒಂದು ವಿಚಿತ್ರ ಉಂಟು. ಅಲೆ ನೇರವಾಗಿಯೂ ಬರುತ್ತದೆ, ಡಾಂಬರಿಗೆ ಬಡಿದು ಪುಟಿದೂ ಬರುತ್ತದೆ. ಕೆಲವು ದೂರಗಳಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಎರಡೂ ಆಂಟೆನಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಇಂಥ ಕೊನೆಯ ಗುಂಡಿ, ಅಂದರೆ ಸಿಗ್ನಲ್ ಕುಸಿಯುವ ಜಾಗ, ಸುಮಾರು 89 ಮೀಟರ್ ದೂರದಲ್ಲಿ ಬೀಳುತ್ತದೆ. ಲಾರಿ ಕ್ಯಾಬಿನ್ ಮೇಲೆ 3 ಮೀಟರ್ ಎತ್ತರದಲ್ಲಿದ್ದರೆ ಸುಮಾರು 354 ಮೀಟರಿನಲ್ಲಿ. ಸಿಂಧನೂರು–ಮಾನ್ವಿ ಕಡೆಯ ನೇರ, ಸಪಾಟು ರಸ್ತೆಗಳಲ್ಲಿ ಇದು ಎದ್ದು ಕಾಣುತ್ತದೆ: 300 ಮೀಟರಿನಲ್ಲಿ ಚೆನ್ನಾಗಿ ಕೇಳಿಸುತ್ತಿದ್ದ ಗಾಡಿ 350ಕ್ಕೆ ಮಾಯ, 400ಕ್ಕೆ ಮತ್ತೆ ಹಾಜರ್. ಪೆಟ್ಟಿಗೆ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ. ಬೇರೆ ಬೇರೆ ಎತ್ತರದಲ್ಲಿ ಎರಡು ಆಂಟೆನಾ ಹಾಕಿದರೆ ಒಂದರ ಗುಂಡಿಯನ್ನು ಇನ್ನೊಂದು ತುಂಬುತ್ತದೆ.

ಓವರ್‌ಟೇಕ್‌ಗೆ ಇದನ್ನು ನಂಬಬೇಡಿ

ಮಾರುವವರು ಮೊದಲು ಹೇಳುವುದೇ "ಎದುರು ಗಾಡಿ ಬರುತ್ತಿದ್ದರೆ ಮುಂಚೆಯೇ ತಿಳಿಸುತ್ತದೆ" ಎಂದು. ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿರುವ ಟಿಪ್ಪರನ್ನು 80ರಲ್ಲಿ ಹಿಂದಿಕ್ಕಲು, ಹಿಂದಿನ ಅಂತರ, ಟಿಪ್ಪರಿನ ಉದ್ದ, ಮುಂದೆ ಸೇರಿಕೊಳ್ಳಲು ಬೇಕಾದ ಜಾಗ ಎಲ್ಲ ಕೂಡಿ ಸುಮಾರು 10 ಸೆಕೆಂಡ್ ಹಿಡಿಯುತ್ತದೆ. ಎದುರಿನ ಗಾಡಿಯೂ 80ರಲ್ಲಿ ಬರುತ್ತಿದ್ದರೆ ಅಷ್ಟರಲ್ಲಿ ಇಬ್ಬರ ನಡುವಿನ ಅಂತರ ಸುಮಾರು 445 ಮೀಟರ್ ಕರಗುತ್ತದೆ. ಅಂದರೆ ಎಚ್ಚರಿಕೆ ಅರ್ಧ ಕಿಲೋಮೀಟರ್ ದೂರದಿಂದಲೇ ಬರಬೇಕು, ಅದೂ ಸರಿಯಾಗಿ ಆ ಟಿಪ್ಪರ್ ಎದೆಯೊಡ್ಡಿ ಅಡ್ಡ ನಿಂತಿರುವಾಗ. ಮೇಲೆ ಕಂಡಂತೆ ಅಡ್ಡ ಲಾರಿ ಇದ್ದಾಗ ಖಾತ್ರಿಯಾಗಿ ಸಿಗುವ ದೂರ ಇದರ ಕಾಲು ಭಾಗವೂ ಇರಲಿಕ್ಕಿಲ್ಲ. ಟಿಪ್ಪರಿನಲ್ಲೂ ರೇಡಿಯೊ ಇದ್ದು ಅದು ಮುಂದಿನ ಸುದ್ದಿಯನ್ನು ಹಿಂದಕ್ಕೆ ದಾಟಿಸಿದರೆ ಮಾತ್ರ ಕೆಲಸ ಆದೀತು.

ಇನ್ನೂ ಮುಖ್ಯವಾದದ್ದು: ಎದುರಿನ ಗಾಡಿಗೆ ರೇಡಿಯೊ ಇಲ್ಲದಿದ್ದರೆ ಪೆಟ್ಟಿಗೆ ಮೌನವಾಗಿರುತ್ತದೆ. ಮೌನ ಅಂದರೆ ದಾರಿ ಖಾಲಿ ಎಂದಲ್ಲ. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಹೆದ್ದಾರಿ ದಾಟುವ ಕುರಿ ಹಿಂಡು, ತಪ್ಪು ದಿಕ್ಕಿನಲ್ಲಿ ಬರುವ ಬೈಕ್ ಇವ್ಯಾವೂ ರೇಡಿಯೊದಲ್ಲಿ ಮಾತಾಡುವುದಿಲ್ಲ. ಕುರಿ ಕಂಡು ಮೊದಲ ಲಾರಿ ಬ್ರೇಕ್ ಹಾಕಿದರೆ ಆ ಸುದ್ದಿ ಹಿಂದಿನವರಿಗೆ ಸಿಗುತ್ತದೆ, ಅಷ್ಟು ಮಟ್ಟಿಗೆ ಉಪಕಾರ. ಹಾಗಾಗಿ ಈ ಪೆಟ್ಟಿಗೆಗೆ "ಅಪಾಯ" ಎಂದು ಹೇಳುವ ದೀಪ ಇರಬೇಕು, "ಹೋಗಬಹುದು" ಎಂದು ಹೇಳುವ ಹಸಿರು ದೀಪ ಖಂಡಿತ ಇರಬಾರದು.

ಚಾನೆಲ್ ತುಂಬಿ ತುಳುಕಿದಾಗ

ಎಲ್ಲರೂ ಹಂಚಿಕೊಳ್ಳುವುದು 10 ಮೆಗಾಹರ್ಟ್ಸ್ ಅಗಲದ ಒಂದೇ ಚಾನೆಲ್. 300 ಬೈಟಿನ ಸಂದೇಶ ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಹೊರಡಲು, ಆರಂಭದ ಗುರುತು ಮತ್ತು ನಡುವಿನ ಬಿಡುವು ಸೇರಿ, ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಗಾಡಿ ಸೆಕೆಂಡಿಗೆ 10 ಸಲ ಅಂದರೆ 5 ಮಿಲಿಸೆಕೆಂಡ್. ಒಂದೇ ವ್ಯಾಪ್ತಿಯಲ್ಲಿ 200 ಗಾಡಿ ಇದ್ದರೆ ಇಡೀ ಸೆಕೆಂಡ್ ಮುಗಿಯಿತು. ವಾಸ್ತವದಲ್ಲಿ ಅದಕ್ಕೂ ಬಹಳ ಮೊದಲೇ ಸಂದೇಶಗಳು ಒಂದರ ಮೇಲೊಂದು ಬಿದ್ದು ಹಾಳಾಗತೊಡಗುತ್ತವೆ.

ಕಾರ್ಖಾನೆ ಗೇಟಿನ ಹೊರಗೆ, ರೈಲ್ವೆ ಸೈಡಿಂಗ್‌ನಲ್ಲಿ, ಸುಗ್ಗಿಯ ಹೊತ್ತಿಗೆ ಗಂಗಾವತಿ–ಕಾರಟಗಿ ಕಡೆಯ ಅಕ್ಕಿ ಗಿರಣಿಗಳ ಮುಂದೆ ಲಾರಿಗಳು ದಟ್ಟೈಸುವುದು ನೋಡಿದವರಿಗೆ ಇದರ ಗಂಭೀರತೆ ಹೊಳೆಯುತ್ತದೆ. ನಿಂತ ಲಾರಿಗಳ ನಿರುಪಯುಕ್ತ ವಟವಟದಲ್ಲಿ ಹೆದ್ದಾರಿಯಲ್ಲಿ ಓಡುತ್ತಿರುವ ಒಂದು ಲಾರಿಯ ತುರ್ತು ಬ್ರೇಕ್ ಸುದ್ದಿ ಮುಳುಗಿಹೋಗುತ್ತದೆ. ನಿಂತ ಗಾಡಿ ಸೆಕೆಂಡಿಗೆ ಒಂದೇ ಸಂದೇಶ ಬಿಟ್ಟರೆ, ಅದೇ ವ್ಯಾಪ್ತಿಯಲ್ಲಿ 500 ಲಾರಿ ನಿಂತಿದ್ದರೂ ಚಾನೆಲಿನ ಕಾಲು ಭಾಗ ಮಾತ್ರ ಖರ್ಚಾಗುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯೂ ಚಾನೆಲ್ ಎಷ್ಟು ಹೊತ್ತು ಗದ್ದಲದಲ್ಲಿದೆ ಎಂದು ಅಳೆಯುತ್ತಿರಬೇಕು. ಗದ್ದಲ ಏರಿದಂತೆ ಸಂದೇಶಗಳನ್ನು ವಿರಳ ಮಾಡಬೇಕು ಅಥವಾ ಶಕ್ತಿ ತಗ್ಗಿಸಬೇಕು. ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು. ಎರಡು ಕಾರು ಇಟ್ಟು ತೋರಿಸುವ ಡೆಮೊದಲ್ಲಿ ಈ ದೋಷ ಎಂದೂ ಕಾಣಿಸದು.

ಇನ್ನೊಂದು ತೊಡಕು ಗುಡ್ಡದ್ದು. ಪ್ರತಿ ರೇಡಿಯೊ ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಡುತ್ತದೆ. ತಿರುವಿನ ಆಚೆಗಿನ ಲಾರಿ ಮತ್ತು ಈಚೆಗಿನ ಲಾರಿ ಒಂದಕ್ಕೊಂದು ಕೇಳಿಸುವುದಿಲ್ಲ. ಇಬ್ಬರೂ "ಖಾಲಿ ಇದೆ" ಎಂದುಕೊಂಡು ಒಟ್ಟಿಗೇ ಮಾತಾಡುತ್ತಾರೆ, ನಡುವೆ ತಿರುವಿನ ಮೂಗಿನಲ್ಲಿರುವ ಮೂರನೆಯ ಲಾರಿಗೆ ಎರಡೂ ಕಲಸಿಹೋಗುತ್ತವೆ. ಮನೆಯ ವೈಫೈನಲ್ಲಿ "ತಲುಪಿತು" ಎಂಬ ಮರುಉತ್ತರ ಬರುತ್ತದೆ, ಬರದಿದ್ದರೆ ಮತ್ತೆ ಕಳಿಸುತ್ತದೆ. ಇಲ್ಲಿ ಎಲ್ಲರಿಗೂ ಸಾರುವ ಸಂದೇಶವಾದ್ದರಿಂದ ಮರುಉತ್ತರವೇ ಇಲ್ಲ. ಕಳಿಸಿದವನಿಗೆ ಹಾಳಾದದ್ದು ಗೊತ್ತೇ ಆಗುವುದಿಲ್ಲ. ಇದಕ್ಕೆ ಮದ್ದು ತಿರುವಿನ ಹೊರಮಗ್ಗುಲಲ್ಲಿ, ಎರಡೂ ಕಡೆ ಕಾಣುವಂತೆ, ಎತ್ತರದ ಕಂಬದ ಮೇಲೆ ಒಂದು ರಸ್ತೆಬದಿ ಘಟಕ. ಅದು ಎರಡೂ ಕಡೆಯ ಸುದ್ದಿಯನ್ನು ಕೇಳಿ ಮತ್ತೊಮ್ಮೆ ಸಾರುತ್ತದೆ. ಸೌರಫಲಕ, ಬ್ಯಾಟರಿ ಇದ್ದರೆ ಸಾಕು, ಕರೆಂಟ್ ಲೈನ್ ಬೇಡ. ಸೌರಫಲಕವನ್ನು ಮಾತ್ರ ವಾರವಾರ ತೊಳೆಯದಿದ್ದರೆ ಕೆಂಧೂಳು ಮೆತ್ತಿ ಬ್ಯಾಟರಿ ಖಾಲಿಯಾಗುತ್ತದೆ.

ಎರಡು ಪಂಗಡ, ಎರಡು ಭಾಷೆ

ಅಮೆರಿಕದ ಎಫ್‌ಸಿಸಿ (ರೇಡಿಯೊ ಪಟ್ಟಿಗಳನ್ನು ಹಂಚುವ ಸಂಸ್ಥೆ) 1999ರಲ್ಲಿ 5.9 ಗಿಗಾಹರ್ಟ್ಸ್‌ನಲ್ಲಿ 75 ಮೆಗಾಹರ್ಟ್ಸ್ ಅಗಲವನ್ನು ವಾಹನಗಳಿಗೆಂದು ಮೀಸಲಿಟ್ಟಿತು. ವೈಫೈ ಕುಟುಂಬದ 802.11ಪಿ ಮಾನದಂಡ 2010ರಲ್ಲಿ ಬಂತು. ಇದರಲ್ಲಿ ಪಾಸ್‌ವರ್ಡ್, ಜೋಡಣೆ ಎಂಬ ಗೋಜಿಲ್ಲ. ಎದುರುಬದುರು ದಾಟಿಹೋಗುವ ಎರಡು ಗಾಡಿಗಳಿಗೆ ಅದಕ್ಕೆಲ್ಲ ಪುರುಸೊತ್ತು ಇರುವುದಿಲ್ಲ. ಆಮೇಲೆ ಮೊಬೈಲ್ ಕ್ಷೇತ್ರದ ಮಾನದಂಡ ಕೂಟ 3ಜಿಪಿಪಿ ತನ್ನ 14ನೇ ಬಿಡುಗಡೆಯಲ್ಲಿ ಸಿ-ವಿಟುಎಕ್ಸ್ ಎಂಬ ಇನ್ನೊಂದು ಬಗೆ ತಂದಿತು, 16ನೇ ಬಿಡುಗಡೆಯಲ್ಲಿ 5ಜಿ ಆವೃತ್ತಿ ಸೇರಿಸಿತು. 2020ರಲ್ಲಿ ಎಫ್‌ಸಿಸಿ 75ರಲ್ಲಿ 45 ಮೆಗಾಹರ್ಟ್ಸ್ ಕಿತ್ತು ವೈಫೈಗೆ ಕೊಟ್ಟು, ಉಳಿದ 30ನ್ನು ಸಿ-ವಿಟುಎಕ್ಸ್ ಕಡೆಗೆ ತಿರುಗಿಸಿತು. ಚೀನಾ ಕೂಡ ಸಿ-ವಿಟುಎಕ್ಸ್ ದಾರಿ ಹಿಡಿಯಿತು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಎಂಟನೇ ತಲೆಮಾರಿನ ಗಾಲ್ಫ್ ಕಾರಿನಲ್ಲಿ 802.11ಪಿ ಬಗೆಯನ್ನೇ ಹಾಕಿತು. ಜಪಾನಿನಲ್ಲಿ ಟೊಯೋಟ 2015ರಿಂದ 760 ಮೆಗಾಹರ್ಟ್ಸ್ ಬಳಸುತ್ತಿದೆ. ಅಲೆ ಉದ್ದವಾದ್ದರಿಂದ ಅಡ್ಡಿಗಳನ್ನು ಬಳಸಿ ಹೋಗುವ ಗುಣ ಅದಕ್ಕೆ ಹೆಚ್ಚು.

ಸಿ-ವಿಟುಎಕ್ಸ್‌ನಲ್ಲಿ ಗಾಡಿಗಳು ಮಾತಿಗೆ ಮುಂಚೆ ಕಿವಿಗೊಟ್ಟು ಕೂರುವ ಬದಲು, ಹಿಂದಿನ ಒಂದು ಸೆಕೆಂಡಿನಲ್ಲಿ ಯಾರು ಯಾವ ಹೊತ್ತಿನ ಜಾಗ ಬಳಸಿದರು ಎಂದು ನೋಡಿ, ಖಾಲಿ ಕಾಣುವ ಜಾಗವೊಂದನ್ನು ಕೆಲವು ಸುತ್ತಿನವರೆಗೆ ತಮಗೆಂದು ಹಿಡಿದಿಟ್ಟುಕೊಳ್ಳುತ್ತವೆ. ತಪ್ಪಿ ಇಬ್ಬರು ಒಂದೇ ಜಾಗ ಹಿಡಿದರೆ ಆ ಸುತ್ತುಗಳಷ್ಟೂ ಹೊತ್ತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಜೊತೆಗೆ ಎಲ್ಲರ ಗಡಿಯಾರವೂ ಉಪಗ್ರಹದ ಸಮಯಕ್ಕೆ ಕೂಡಿರಬೇಕು. ಎರಡೂ ಬಗೆಗಳಿಗೆ ತಮ್ಮ ತಮ್ಮ ಗುಣದೋಷಗಳಿವೆ, ಯಾವುದು ಮೇಲು ಎಂಬ ಜಗಳ ಲಾರಿ ಮಾಲೀಕರಿಗೆ ಬೇಕಿಲ್ಲ. ತಿಳಿದಿರಬೇಕಾದದ್ದು ಒಂದೇ: ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅರ್ಧ ಗಾಡಿಗೆ ಇದು, ಅರ್ಧಕ್ಕೆ ಅದು ಹಾಕಿದರೆ ದುಡ್ಡು ನೀರುಪಾಲು. ಭಾರತದಲ್ಲಿ 2018ರ ಅಧಿಸೂಚನೆ ಪರವಾನಗಿ ಇಲ್ಲದ ವೈಫೈ ಬಳಕೆಗೆ 5875 ಮೆಗಾಹರ್ಟ್ಸ್‌ವರೆಗೆ ಅವಕಾಶ ಕೊಟ್ಟಿತು. ಅದರ ಮೇಲಿನ ಪಟ್ಟಿಯಲ್ಲಿ ಪ್ರಸಾರ ಮಾಡುವ ಮೊದಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಂದಿನ ನಿಯಮ ಖಚಿತಪಡಿಸಿಕೊಳ್ಳಿ. ವಿದೇಶಿ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ತರಿಸಿ ಸುಮ್ಮನೆ ಆನ್ ಮಾಡುವುದು ಬೇಡ.

ಸುಳ್ಳು ಸುದ್ದಿ ಬಿಡುವವರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ರಸ್ತೆಬದಿ ಯಾರೋ ಕೂತು "ಮುಂದೆ ಅಪಘಾತ" ಎಂದು ಸಾರಿದರೆ ಏನು ಗತಿ? ಅದಕ್ಕೇ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಸಹಿ ಮಾಡಿದವರು ಅಧಿಕೃತರು ಎಂಬುದಕ್ಕೆ ಪ್ರಮಾಣಪತ್ರ. ಒಂದೇ ಪ್ರಮಾಣಪತ್ರ ಸದಾ ಬಳಸಿದರೆ ಗಾಡಿಯ ಓಡಾಟವನ್ನು ಯಾರಾದರೂ ಹಿಂಬಾಲಿಸಬಹುದಾದ್ದರಿಂದ ಅದನ್ನು ಆಗಾಗ ಬದಲಿಸುತ್ತಾರೆ. ಅಮೆರಿಕದ ವ್ಯವಸ್ಥೆಯಲ್ಲಿ ವಾರಕ್ಕೆ 20 ಪ್ರಮಾಣಪತ್ರಗಳು. ಸುತ್ತ 100 ಗಾಡಿ ಇದ್ದರೆ ಸೆಕೆಂಡಿಗೆ 1000 ಸಹಿ ಪರೀಕ್ಷಿಸುವ ಕೆಲಸ ಬೀಳುತ್ತದೆ. ಅಗ್ಗದ ಪ್ರೊಸೆಸರ್ ಇಲ್ಲಿ ಉಸಿರುಗಟ್ಟುತ್ತದೆ. ಮತ್ತೆ, ಸಹಿ ಸರಿ ಇದ್ದ ಮಾತ್ರಕ್ಕೆ ಮಾತು ನಿಜವಾಗಬೇಕಿಲ್ಲ. ಜಿಪಿಎಸ್ ಕೆಟ್ಟ ಗಾಡಿ ಸರಿಯಾದ ಸಹಿಯೊಂದಿಗೇ ತಪ್ಪು ಜಾಗ ಹೇಳುತ್ತದೆ.

ಪೆಟ್ಟಿಗೆ ಕೂರಿಸುವಾಗ ಎಡವುವ ಜಾಗಗಳು

ಅತಿ ಹೆಚ್ಚು ಹಾಳಾಗುವುದು ಕೇಬಲ್‌ನಲ್ಲಿ. 5.9 ಗಿಗಾಹರ್ಟ್ಸ್‌ನಲ್ಲಿ ತೆಳ್ಳಗಿನ ಕೋಯಾಕ್ಸ್ ಕೇಬಲ್ ಮೀಟರಿಗೆ 1 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತದೆ. ಸೀಟಿನ ಕೆಳಗೆ ಪೆಟ್ಟಿಗೆ ಇಟ್ಟು, 6 ಮೀಟರ್ ಕೇಬಲ್ ಎಳೆದು ಕ್ಯಾಬಿನ್ ಮೇಲೆ ಆಂಟೆನಾ ಹಾಕಿದರೆ 6 ಡೆಸಿಬೆಲ್ ಅಲ್ಲೇ ಮಾಯ, ಬಯಲಿನಲ್ಲಿ ತಲುಪುವ ದೂರ ಅರ್ಧ. ಪೆಟ್ಟಿಗೆಯನ್ನು ಛಾವಣಿಯ ಹತ್ತಿರವೇ ಕೂರಿಸಿ ಕೇಬಲ್ ಒಂದೂವರೆ ಮೀಟರ್ ಮೀರದಂತೆ ನೋಡಿಕೊಳ್ಳಿ. ಆದರೆ ಅಲ್ಲಿ ಇನ್ನೊಂದು ಕಾಟ. ಏಪ್ರಿಲ್–ಮೇನಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿರುವಾಗ ನಿಲ್ಲಿಸಿದ ಲಾರಿಯ ಛಾವಣಿಯ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. 85 ಡಿಗ್ರಿವರೆಗೆ ತಡೆಯುವ ದರ್ಜೆಯ ಪೆಟ್ಟಿಗೆಯನ್ನೇ ಕೊಳ್ಳಬೇಕು. ಮನೆಬಳಕೆಯ ದರ್ಜೆಯದು ಮೊದಲ ಬೇಸಿಗೆಗೇ ಕೈಕೊಡುತ್ತದೆ.

ಟಿಪ್ಪರಿನಲ್ಲಿ ಕ್ಯಾಬಿನ್ ಮೇಲೆ ಚಾಚಿಕೊಂಡ ಕಬ್ಬಿಣದ ರಕ್ಷಾಕವಚ, ಅದರ ಹಿಂದೆ ಬಾಡಿ. ನಡುವೆ ಒಂದೇ ಆಂಟೆನಾ ಹಾಕಿದರೆ ಮುಂದಕ್ಕೆ ಚೆನ್ನಾಗಿ ಕೇಳಿಸುತ್ತದೆ, ಹಿಂದಕ್ಕೆ ಇಲ್ಲವೇ ಇಲ್ಲ. ಬ್ರೇಕ್ ಸುದ್ದಿ ಹೋಗಬೇಕಾದದ್ದು ಹಿಂದಕ್ಕೇ. ಆದ್ದರಿಂದ ಎರಡು ಆಂಟೆನಾ, ಎಡ-ಬಲದ ಕನ್ನಡಿ ತೋಳುಗಳ ಮೇಲೆ, ಬಾಡಿಯ ಅಂಚಿನಿಂದ ಹೊರಗೆ ಇಣುಕುವಂತೆ. ಒಣ ಧೂಳು ಕೂತರೆ ಚಿಂತೆಯಿಲ್ಲ, ಮಳೆಗಾಲದಲ್ಲಿ ಮೆತ್ತುವ ಹಸಿ ಕೆಸರನ್ನು ಒರೆಸಬೇಕು.

ಲಾರಿಯ ಬ್ಯಾಟರಿ 24 ವೋಲ್ಟ್. 12 ವೋಲ್ಟಿನ ಕಾರ್ ಪೆಟ್ಟಿಗೆ ಹಾಕಿದರೆ ಅಂದೇ ಸುಡುತ್ತದೆ. ಸರಿಯಾದದ್ದು ಹಾಕಿದರೂ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಪೆಟ್ಟಿಗೆ ಮತ್ತೆ ಬೂಟ್ ಆಗುವುದುಂಟು. ಬ್ರೇಕ್ ಸ್ಥಿತಿಯನ್ನು ಹೊಸ ಲಾರಿಗಳಲ್ಲಿ ಜೆ1939 ಡೇಟಾ ತಂತಿಯಿಂದ ಓದಬಹುದು. ಆ ತಂತಿ ಇಲ್ಲದ ಹಳೆಯ ಗಾಡಿಯಲ್ಲಿ ಬ್ರೇಕ್ ಲೈಟ್ ತಂತಿಗೆ ಆಪ್ಟೊ ಐಸೊಲೇಟರ್ (ಎರಡು ಕಡೆಯ ವಿದ್ಯುತ್ ಕೂಡದಂತೆ ಬೆಳಕಿನಿಂದ ಸುದ್ದಿ ದಾಟಿಸುವ ಬಿಡಿಭಾಗ) ಮೂಲಕ ಸೇರಿಸಬೇಕು. ಆಗ ಬ್ರೇಕ್ ಬಿದ್ದದ್ದು ತಿಳಿಯುತ್ತದೆ, ಎಷ್ಟು ಜೋರಾಗಿ ಎಂಬುದು ತಿಳಿಯದು. ಅದಕ್ಕೆ ಪೆಟ್ಟಿಗೆಯೊಳಗಿನ ವೇಗೋತ್ಕರ್ಷ ಸೆನ್ಸರ್ ನಂಬಬೇಕು, ಆ ಪೆಟ್ಟಿಗೆ ಅಲುಗಾಡದಂತೆ ಬೋಲ್ಟ್ ಮಾಡಿರಬೇಕು. ಡಬಲ್ ಟೇಪಿನಲ್ಲಿ ಅಂಟಿಸಿದ ಪೆಟ್ಟಿಗೆ ಪ್ರತಿ ಗುಂಡಿಯನ್ನೂ ತುರ್ತು ಬ್ರೇಕ್ ಎಂದು ಸಾರುತ್ತದೆ.

ಸ್ಥಳ ಗುರುತಿಸುವಿಕೆಯ ತಪ್ಪುಗಳಿಂದಲೇ ಸುಳ್ಳು ಎಚ್ಚರಿಕೆಗಳು ಹೆಚ್ಚು ಹುಟ್ಟುವುದು. ನಮ್ಮ ದ್ವಿಪಥ ರಸ್ತೆಯಲ್ಲಿ ಒಂದು ಪಥದ ಅಗಲ 3.5 ಮೀಟರ್, ಗಾಡಿ ಯಾವ ಪಥದಲ್ಲಿದೆ ಎಂದು ಹೇಳಲು ತಪ್ಪು ಒಂದೂವರೆ ಮೀಟರಿನೊಳಗೆ ಇರಬೇಕು. ಗುಡ್ಡದ ಮಗ್ಗುಲಲ್ಲಿ ಅರ್ಧ ಆಕಾಶ ಮುಚ್ಚಿದಾಗ ಜಿಪಿಎಸ್ ಜೊತೆ ಬೇರೆ ಉಪಗ್ರಹ ವ್ಯವಸ್ಥೆಗಳನ್ನೂ ಬಳಸುವ ರಿಸೀವರ್ ಇದ್ದರೆ ಮೇಲು. ನಿಂತ ಗಾಡಿಯಲ್ಲಿ ಉಪಗ್ರಹದಿಂದ ಸಿಗುವ ದಿಕ್ಕು ಗಿರಗಿರ ತಿರುಗುತ್ತಿರುತ್ತದೆ. ಸಾಲಿನಲ್ಲಿ ನಿಂತ ಲಾರಿ ಇದ್ದಕ್ಕಿದ್ದಂತೆ ಎದುರುಮುಖವಾಗಿದೆ ಎಂದು ಪಕ್ಕದವನಿಗೆ ತೋರಿ ಅಲಾರಾಂ ಬಡಿದುಕೊಳ್ಳುತ್ತದೆ. ವೇಗ ತೀರ ಕಡಿಮೆಯಾದಾಗ ಕೊನೆಯ ಸರಿಯಾದ ದಿಕ್ಕನ್ನೇ ಹಿಡಿದಿಟ್ಟುಕೊಳ್ಳುವಂತೆ ಸಾಫ್ಟ್‌ವೇರ್ ಇರಬೇಕು. ಎತ್ತರವನ್ನು ನೋಡದ ಸಾಫ್ಟ್‌ವೇರ್ ಆದರೆ ಮೇಲ್ಸೇತುವೆಯ ಮೇಲಿನ ಗಾಡಿಯೂ ಕೆಳಗಿನ ಸರ್ವಿಸ್ ರಸ್ತೆಯ ಗಾಡಿಯೂ ಡಿಕ್ಕಿ ಹೊಡೆಯಲಿವೆ ಎಂದು ಕಿರುಚುತ್ತದೆ. ಇಂಥದ್ದು ದಿನಕ್ಕೆ ನಾಲ್ಕು ಸಲ ಆದರೆ ಡ್ರೈವರ್ ತಂತಿ ಕಿತ್ತೆಸೆಯುತ್ತಾನೆ, ಅವನ ತಪ್ಪೇನಿಲ್ಲ. ಈ ರಸ್ತೆಗಳಲ್ಲಿ ಕನ್ನಡ, ತೆಲುಗು, ಹಿಂದಿ ಆಡುವ ಡ್ರೈವರ್‌ಗಳೆಲ್ಲ ಇದ್ದಾರೆ, ಹಾಗಾಗಿ ಮಾತಿನ ಎಚ್ಚರಿಕೆಗಿಂತ ಎರಡು ಬಗೆಯ ಬೀಪ್ ಸಾಕು: ನಿಧಾನಿಸು, ಬ್ರೇಕ್ ಹಾಕು.

ಲಾರಿಗಳಿಂದಲೇ ಶುರು ಯಾಕೆ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಸಂದೇಶ ಉಪಯೋಗಕ್ಕೆ ಬರಬೇಕಾದರೆ ಕಳಿಸುವವನಲ್ಲೂ ಪಡೆಯುವವನಲ್ಲೂ ಪೆಟ್ಟಿಗೆ ಇರಬೇಕು. ನೂರರಲ್ಲಿ 10 ಗಾಡಿಗೆ ಪೆಟ್ಟಿಗೆ ಇದ್ದರೆ, ಎದುರುಬದುರಾಗುವ ನೂರು ಜೋಡಿಗಳಲ್ಲಿ ಎರಡೂ ಕಡೆ ಪೆಟ್ಟಿಗೆ ಇರುವುದು ಒಂದು ಜೋಡಿಯಲ್ಲಿ ಮಾತ್ರ. 30 ಗಾಡಿಗೆ ಹಾಕಿದರೂ 9 ಜೋಡಿ. ಅರ್ಧ ಊರಿಗೇ ಹಾಕಿದರೂ 25. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡುವ ಪ್ರಸ್ತಾವವನ್ನು 2016ರ ಡಿಸೆಂಬರಿನಲ್ಲಿ ತಂದು 2023ರಲ್ಲಿ ಹಿಂತೆಗೆದುಕೊಂಡಿತು. ಕಡ್ಡಾಯ ಇಲ್ಲದೆ, ಒಬ್ಬೊಬ್ಬರೇ ಕೊಳ್ಳುವ ಕಾರುಗಳಲ್ಲಿ ಪಾಲನ್ನು ಪಾಲಿನಿಂದಲೇ ಗುಣಿಸುವ ಈ ಲೆಕ್ಕ ಬಹುಕಾಲ ಮೇಲೇಳುವುದಿಲ್ಲ. ಮೊದಲು ಕೊಂಡವನಿಗೆ ಕೇಳಿಸಲು ಯಾರೂ ಇರುವುದಿಲ್ಲ.

ಗಣಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಸೈಡಿಂಗ್‌ಗೆ ಓಡುವ ಟಿಪ್ಪರ್‌ಗಳಲ್ಲಿ ಈ ಲೆಕ್ಕ ತಿರುವುಮುರುವು. ಗುತ್ತಿಗೆದಾರನೊಬ್ಬ ತನ್ನ 60 ಗಾಡಿಗೆ ಹಾಕಿಸಿದರೆ ಜಿಲ್ಲೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಆ ಗಾಡಿಗಳು ಹಿಂದೆ ಮುಂದೆ ಸಾಲಾಗಿ ಹೋಗುವುದು ತಮ್ಮವೇ ಗಾಡಿಗಳ ಜೊತೆ. ಆ ಸಾಲಿನೊಳಗೆ ಮೊದಲ ದಿನವೇ ನೂರಕ್ಕೆ ನೂರು. ದಾರಿ ಒಂದೇ ಆದ್ದರಿಂದ ಕಂಬ ಎಲ್ಲಿ ನೆಡಬೇಕು, ಯಾವ ತಿರುವಿನಲ್ಲಿ ಕೇಳಿಸುವುದಿಲ್ಲ ಎಂಬುದನ್ನು ಒಮ್ಮೆ ಅಳೆದರೆ ಸಾಕು. ಪ್ರಮಾಣಪತ್ರ, ಸಾಫ್ಟ್‌ವೇರ್ ಬದಲಾವಣೆ ಎಲ್ಲ ಶೆಡ್ಡಿನಲ್ಲೇ ಮಾಡಬಹುದು.

ಅಳೆಯುವ ಕ್ರಮವೂ ಸರಳ. ಎರಡು ಗಾಡಿಗೆ ಪೆಟ್ಟಿಗೆ ಹಾಕಿ, ಕಳಿಸಿದ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಕೊಟ್ಟು, ಇಡೀ ದಾರಿಯಲ್ಲಿ ಹೋಗಿ ಬಂದು, ಯಾವ ಜಾಗದಲ್ಲಿ ಎಷ್ಟು ದೂರಕ್ಕೆ ನೂರರಲ್ಲಿ ಎಷ್ಟು ತಲುಪಿದವು ಎಂದು ನಕ್ಷೆಯ ಮೇಲೆ ಗುರುತು ಹಾಕಿ. ಒಮ್ಮೆ ಖಾಲಿ ರಸ್ತೆಯಲ್ಲಿ, ಒಮ್ಮೆ ನಡುವೆ ಲೋಡ್ ಟಿಪ್ಪರ್ ಇಟ್ಟುಕೊಂಡು, ಒಮ್ಮೆ ಮಳೆ ಬಿದ್ದ ಮರುದಿನ. ಟಿಪ್ಪರ್ ನಡುವೆ ಇದ್ದಾಗಲೂ 150 ಮೀಟರ್‌ಗೆ ನೂರಕ್ಕೆ 90 ತಲುಪುತ್ತಿದ್ದರೆ ಮುಂದುವರಿಯಬಹುದು. ಬಯಲಿನಲ್ಲೇ 90ಕ್ಕಿಂತ ಕಡಿಮೆ ಬಂದರೆ ಮೊದಲು ಕೇಬಲ್ ಮತ್ತು ಕನೆಕ್ಟರ್ ಬಿಚ್ಚಿ ನೋಡಿ, ಆಮೇಲೆ ಆಂಟೆನಾ ಜಾಗ ಬದಲಿಸಿ. ಒಂದೇ ತಿರುವಿನಲ್ಲಿ ಮಾತ್ರ ಬೀಳುತ್ತಿದ್ದರೆ ಜಾಲಿ ಕಡಿಸಿ ಮತ್ತೆ ಅಳೆಯಿರಿ. ಆಗಲೂ ಏಳದಿದ್ದರೆ ಕಂಬಕ್ಕೆ ಗುಂಡಿ ತೋಡಿಸಿ.